ಕೊಡಪಾನದ ತಾಮ್ರ, ಮದ್ದಿನ ತಾಮ್ರ: ಎರಡೂ ಒಂದೇನಾ?

ಪ್ರಶ್ನೆ: ಮಾಷ್ಟ್ರಿಗೆ ನಮಸ್ಕಾರ. ನಮ್ಮದು ಬದಿಯಡ್ಕದ ಹತ್ತಿರ ಅಡಿಕೆ ತೋಟ. ಮನೆಯಲ್ಲಿ ಅಜ್ಜನ ಕಾಲದ ತಾಮ್ರದ ಕೊಡಪಾನ ಇದೆ. ಅಮ್ಮ ಅದರಲ್ಲಿಟ್ಟ ನೀರನ್ನೇ ಕುಡಿಯುವುದು, ನಮಗೂ ಅದನ್ನೇ ಕೊಡುವುದು. ಕಳೆದ ತಿಂಗಳು ಮನೆಯಲ್ಲಿ ಪೂಜೆ ಇತ್ತು. ಉಳಿದ ಪುನರ್ಪುಳಿ (ಕೋಕಂ) ಸಾರನ್ನು ಯಾರೋ ತಾಮ್ರದ ಚೆರಿಗೆಯಲ್ಲೇ ಬಿಟ್ಟಿದ್ದರು. ಮರುದಿನ ಬೆಳಿಗ್ಗೆ ಅದನ್ನು ಕುಡಿದ ತಮ್ಮನ ಮಗನಿಗೆ ಅರ್ಧ ಗಂಟೆಯಲ್ಲಿ ವಾಂತಿಯಾಯಿತು. ಬಾಯಿಯಲ್ಲಿ ನಾಣ್ಯ ಇಟ್ಟ ಹಾಗೆ ಆಗುತ್ತದೆ ಅಂದ. ಸಂಜೆಯೊಳಗೆ ಸರಿಯಾದ. ನೆರೆಮನೆಯವರು, "ಕಿಲುಬು ಅಂದರೆ ಮೈಲುತುತ್ತೇ, ತೋಟಕ್ಕೆ ಬಿಡುವ ವಿಷವನ್ನು ನೀವು ದಿನಾ ಕುಡಿಯುತ್ತಿದ್ದೀರಿ" ಅಂದರು. ಅಮ್ಮ ಒಪ್ಪುವುದಿಲ್ಲ. ಇದರ ಮೇಲೆ ಇನ್ನೊಂದು. ಮದ್ದು ಕಲಸುವಾಗ ಕತ್ತಿ ಡ್ರಮ್ಮಿಗೆ ಬಿತ್ತು, ತೆಗೆದು ನೋಡಿದರೆ ಅಲಗೆಲ್ಲ ಕೆಂಪು. ಹತ್ತನೇ ಕ್ಲಾಸಿನ ಮಗಳು ಕೇಳುತ್ತಾಳೆ: "ಕೊಡಪಾನದಲ್ಲೂ ತಾಮ್ರ, ಕಿಲುಬಿನಲ್ಲೂ ತಾಮ್ರ, ಮೈಲುತುತ್ತಿನಲ್ಲೂ ತಾಮ್ರ. ಒಂದು ಒಳ್ಳೆಯದು, ಒಂದು ವಿಷ ಹೇಗಪ್ಪಾ?" ನನಗೆ ಉತ್ತರ ಗೊತ್ತಿಲ್ಲ. ಕೊಡಪಾನವನ್ನು ಅಟ್ಟಕ್ಕೆ ಹಾಕಬೇಕಾ? ಮದ್ದು ಕಲಸುವುದು ಕುಡಿಯುವ ನೀರಿನ ಟಾಂಕಿಯ ಬುಡದಲ್ಲಿ, ಅದೂ ಹೆದರಿಕೆ ಆಗಿದೆ.

ಉತ್ತರ:

ನಿಮ್ಮ ಪತ್ರದಲ್ಲಿ ನಾಲ್ಕೈದು ಪ್ರಶ್ನೆ ಇದ್ದ ಹಾಗೆ ಕಾಣುತ್ತದೆ. ಆದರೆ ಎಲ್ಲದರ ಬೇರು ನಿಮ್ಮ ಮಗಳು ಕೇಳಿದ ಪ್ರಶ್ನೆಯಲ್ಲೇ ಇದೆ. ಕಾಲೇಜಿನಲ್ಲಿ ರಸಾಯನಶಾಸ್ತ್ರ ಪಾಠ ಮಾಡುತ್ತಾ ಇಪ್ಪತ್ತೆಂಟು ವರ್ಷ ಕಳೆದೆ, ಇಷ್ಟು ನೇರವಾಗಿ ಇದನ್ನು ಕೇಳಿದ ಮಕ್ಕಳು ಕಡಿಮೆ. ಅವಳಿಗೆ ನನ್ನ ಕಡೆಯಿಂದ ಶಾಭಾಸ್ ಹೇಳಿ.

ಮೊದಲು ಹುಡುಗನ ವಿಷಯ. ಅರ್ಧ ಗಂಟೆಯಲ್ಲಿ ವಾಂತಿ, ಬಾಯಿಯಲ್ಲಿ ಲೋಹದ ರುಚಿ, ಸಂಜೆಗೆ ಆರಾಮ. ಸಾರಿನಲ್ಲಿ ತಾಮ್ರ ಕರಗಿತ್ತು, ಹೊಟ್ಟೆ ಅದನ್ನು ಹೊರಗೆ ಹಾಕಿತು. ಒಂದು ಸಲ ಹೀಗಾಗಿ ಸರಿಯಾದರೆ ಭಯ ಬೇಡ. ಆದರೆ ವಾಂತಿ ನಿಲ್ಲದಿದ್ದರೆ, ರಕ್ತ ಕಂಡರೆ, ಮೂತ್ರದ ಬಣ್ಣ ಕಪ್ಪಾದರೆ ಮನೆಮದ್ದು ಮಾಡುತ್ತಾ ಕೂರಬೇಡಿ, ಆಸ್ಪತ್ರೆಗೆ ಹೋಗಿ. ಮೈಲುತುತ್ತನ್ನೇ ಯಾರಾದರೂ, ಮುಖ್ಯವಾಗಿ ಮಕ್ಕಳು, ಬಾಯಿಗೆ ಹಾಕಿಕೊಂಡರೆ ಒಂದು ನಿಮಿಷವೂ ಕಾಯಬಾರದು, ಬೆರಳು ಹಾಕಿ ವಾಂತಿ ಮಾಡಿಸಲೂ ಬಾರದು. ಆ ನೀಲಿ ಹರಳು ಕಲ್ಲುಸಕ್ಕರೆಯ ಹಾಗೆ ಚಂದ ಕಾಣುತ್ತದೆ, ಅದಕ್ಕೇ ಹೇಳುತ್ತಿದ್ದೇನೆ. ಚೀಲ ಬೀಗದೊಳಗೆ ಇರಲಿ.

ಈಗ ತಾಮ್ರ ತಾಮ್ರವೇ ಅಲ್ವಾ ಅನ್ನುವ ಮಾತು.

ತಾಮ್ರದ ಒಂದು ಪರಮಾಣುವಿನಲ್ಲಿ 29 ಎಲೆಕ್ಟ್ರಾನ್ ಇವೆ. ಕೊಡಪಾನದಲ್ಲಿ ಇರುವಾಗ ಲೆಕ್ಕ ಪೂರ್ತಿ ಇರುತ್ತದೆ. ಆಗ ಅದು ಕೆಂಪು, ಗಟ್ಟಿ, ಬಡಿದರೆ ತಗಡಾಗುತ್ತದೆ, ನೀರಿನಲ್ಲಿ ಕರಗುವುದಿಲ್ಲ. ಇದು ಲೋಹ. ಇದರಿಂದ ಎರಡು ಎಲೆಕ್ಟ್ರಾನ್ ಹೋದವು ಅಂದುಕೊಳ್ಳಿ, 27 ಉಳಿಯಿತು. ಪರಮಾಣುವಿನ ತಿರುಳು ಅದೇ, ಹೆಸರೂ ತಾಮ್ರವೇ. ಆದರೆ ನಡತೆ ಪೂರ್ತಿ ಬದಲು. ಈಗ ಅದು ಅಯಾನು. ನೀರಿನಲ್ಲಿ ಕರಗಿ ಓಡಾಡುತ್ತದೆ, ನೀರಿಗೆ ನೀಲಿ ಬಣ್ಣ ಕೊಡುತ್ತದೆ, ಕರುಳಿನ ಒಳಗೋಡೆಗೂ ಅಂಟುತ್ತದೆ, ಶಿಲೀಂಧ್ರದ ಜೀವಕೋಶಕ್ಕೂ ಅಂಟುತ್ತದೆ.

ಲೋಹಗಳ ಗುಣವೇ ಎಲೆಕ್ಟ್ರಾನ್ ಬಿಟ್ಟುಕೊಡುವುದು. ಆಮ್ಲಜನಕ, ಕ್ಲೋರಿನ್, ಗಂಧಕದಂಥ ಅಲೋಹಗಳ ಗುಣ ಅದನ್ನು ತೆಗೆದುಕೊಳ್ಳುವುದು. ಕೊಟ್ಟದ್ದು ಧನ, ತೆಗೆದುಕೊಂಡದ್ದು ಋಣ, ಎರಡೂ ಒಂದನ್ನೊಂದು ಸೆಳೆದು ಕೂತಾಗ ಸಂಯುಕ್ತ. ಮಗಳ ಪುಸ್ತಕದಲ್ಲಿ ಇಷ್ಟು ಇದ್ದೇ ಇದೆ. ಮೈಲುತುತ್ತಿನಲ್ಲಿ ಸ್ವಲ್ಪ ಹೆಚ್ಚಿಗೆ ಇದೆ. ತಾಮ್ರದ ಅಯಾನಿನ ಜೊತೆ ಇರುವುದು ಒಂಟಿ ಅಲೋಹ ಅಲ್ಲ, ಒಂದು ಗಂಧಕ ಮತ್ತು ನಾಲ್ಕು ಆಮ್ಲಜನಕ ಸೇರಿದ ಗುಂಪು, ಸಲ್ಫೇಟ್. ಆ ಐದು ತಮ್ಮತಮ್ಮೊಳಗೆ ಎಲೆಕ್ಟ್ರಾನ್ ಹಂಚಿಕೊಂಡಿವೆ. ಅಲೋಹ ಅಲೋಹ ಸೇರಿದರೆ ಹಂಚಿಕೆ, ಲೋಹ ಅಲೋಹ ಸೇರಿದರೆ ಕೊಡುಕೊಳ್ಳುವಿಕೆ, ಎರಡೂ ಒಂದೇ ಹರಳಿನೊಳಗೆ.

ಆ ಹರಳಿನಲ್ಲಿ ನೀರೂ ಇದೆ. ಲ್ಯಾಬಿನಲ್ಲಿ ನಾನು ಎಂದೂ ಬಿಡದೆ ತೋರಿಸುತ್ತಿದ್ದದ್ದು ಇದನ್ನೇ. ಒಣ ಪ್ರನಾಳದಲ್ಲಿ ಚಿಟಿಕೆಯಷ್ಟು ಮೈಲುತುತ್ತು ಹಾಕಿ, ಬಾಯಿ ಸ್ವಲ್ಪ ಕೆಳಮುಖವಾಗಿ ಹಿಡಿದು, ಸಣ್ಣ ಉರಿಯಲ್ಲಿ ಬಿಸಿ ಮಾಡಬೇಕು. ಹರಳು ಚಟಚಟ ಅನ್ನುತ್ತದೆ. ಪ್ರನಾಳದ ಬಾಯಿಯ ಹತ್ತಿರ ನೀರಿನ ಹನಿ ಕಟ್ಟುತ್ತದೆ. ನೀಲಿ ಮಾಸುತ್ತಾ ಮಾಸುತ್ತಾ ಕೊನೆಗೆ ಉಳಿಯುವುದು ಬಿಳಿ ಹುಡಿ. ಆರಿದ ಮೇಲೆ ಅದಕ್ಕೆ ಒಂದು ತೊಟ್ಟು ನೀರು ಬಿಟ್ಟರೆ ನೀಲಿ ಓಡಿ ಬರುತ್ತದೆ, ಪ್ರನಾಳ ಕೈಗೆ ಬೆಚ್ಚಗಾಗುತ್ತದೆ. ಹಿಂದಿನ ಬೆಂಚಿನಲ್ಲಿ ನಿದ್ದೆ ಹೋಗುವವನೂ ಇದಕ್ಕೆ ಎದ್ದು ಬರುತ್ತಿದ್ದ.

ಹಾಗಾದರೆ ನೆರೆಯವರ ಮಾತು ಸರಿಯಾ? ಅರ್ಧ ಸರಿ. ಕಿಲುಬು ಮೈಲುತುತ್ತಲ್ಲ. ಕಿಲುಬಿನಲ್ಲಿ ಸಲ್ಫೇಟ್ ಇರಬೇಕೆಂದಿಲ್ಲ. ತೇವದ ಗಾಳಿಯಲ್ಲಿರುವ ಆಮ್ಲಜನಕ, ಇಂಗಾಲದ ಡೈಆಕ್ಸೈಡ್ ಮತ್ತು ನೀರು ಸೇರಿ ಮಾಡುವ ಹಸಿರು ತಾಮ್ರದ ಕಾರ್ಬೊನೇಟ್ ಜಾತಿಯದು. ಕುಂಬಳೆ, ಉಪ್ಪಳದ ಹಾಗೆ ಕಡಲಿಗೆ ಹತ್ತಿರದ ಊರಿನಲ್ಲಿ ಉಪ್ಪಿನ ಗಾಳಿ ಇರುವುದರಿಂದ ಕ್ಲೋರೈಡೂ ಸೇರುತ್ತದೆ. ಹುಳಿ ಪದಾರ್ಥ ನಿಂತಲ್ಲಿ ಆಗುವುದು ಆ ಹುಳಿಯದೇ ತಾಮ್ರದ ಲವಣ. ಹೆಸರು ಬೇರೆ ಬೇರೆ. ಆದರೆ ಎಲ್ಲದರಲ್ಲೂ ತಾಮ್ರ ಎಲೆಕ್ಟ್ರಾನ್ ಕಳೆದುಕೊಂಡೇ ಕೂತಿದೆ, ಹೊಟ್ಟೆಯ ಆಮ್ಲಕ್ಕೆ ಬಿದ್ದ ಕೂಡಲೇ ಕರಗಿ ಅದೇ ಅಯಾನು ಆಗುತ್ತದೆ. ಆದ್ದರಿಂದ ಹೆಸರಿನಲ್ಲಿ ಅವರು ತಪ್ಪಿದರೂ ಕಿಲುಬು ಹೊಟ್ಟೆಗೆ ಹೋಗಬಾರದು ಅನ್ನುವುದು ಸರಿಯೇ.

ಅವರು ತಪ್ಪಿದ್ದು ಕೊಡಪಾನದ ನೀರಿನ ವಿಷಯದಲ್ಲಿ. ಅಲ್ಲಿ ಲೆಕ್ಕ ಬೇಕು. ಕುಡಿಯುವ ನೀರಿನಲ್ಲಿ ಲೀಟರಿಗೆ 2 ಮಿಲಿಗ್ರಾಂ ತಾಮ್ರದವರೆಗೆ ತೊಂದರೆ ಇಲ್ಲ ಅಂತ ವಿಶ್ವ ಆರೋಗ್ಯ ಸಂಸ್ಥೆ ಹೇಳುತ್ತದೆ. ನಮ್ಮ ದೇಶದ ಮಾನದಂಡ ಇನ್ನೂ ಬಿಗಿ: 0.05 ಮಿಲಿಗ್ರಾಂ ಇದ್ದರೆ ಒಳ್ಳೆಯದು, ಬೇರೆ ನೀರೇ ಇಲ್ಲದಿದ್ದರೆ 1.5ರವರೆಗೆ ನಡೆಯುತ್ತದೆ. ಚೆನ್ನಾಗಿ ತಿಕ್ಕಿ ತೊಳೆದ ಕೊಡಪಾನದಲ್ಲಿ ಒಂದು ರಾತ್ರಿ ಇಟ್ಟ ಒಳ್ಳೆಯ ನೀರಿಗೆ ಇಳಿಯುವ ತಾಮ್ರ 2 ಮಿಲಿಗ್ರಾಮಿಗಿಂತ ಸಾಮಾನ್ಯವಾಗಿ ಎಷ್ಟೋ ಕಡಿಮೆ. ಅಮ್ಮನ ನಂಬಿಕೆಯಲ್ಲೂ ಹುರುಳಿದೆ. ರಾತ್ರಿಯಿಡೀ ತಾಮ್ರದಲ್ಲಿ ನಿಂತ ನೀರಿನಲ್ಲಿ ಭೇದಿ ತರುವ ಬ್ಯಾಕ್ಟೀರಿಯಾಗಳು ಸಾಯುತ್ತವೆ, ಅದಕ್ಕೆ ಕಾರಣವೂ ಆ ಚೂರುಪಾರು ಅಯಾನೇ. ಆದರೆ ಸಂಧಿನೋವು ಹೋಗುತ್ತದೆ, ಸಕ್ಕರೆ ಕಾಯಿಲೆ ಇಳಿಯುತ್ತದೆ ಅನ್ನುವುದೆಲ್ಲ ಸುಮ್ನೆ ಹಬ್ಬಿದ ಮಾತು. ನಮ್ಮ ದೇಹಕ್ಕೆ ದಿನಕ್ಕೆ ಬೇಕಾದ ತಾಮ್ರ ಒಂದು ಮಿಲಿಗ್ರಾಮಿನ ಆಸುಪಾಸು. ತೆಂಗಿನಕಾಯಿ, ಗೇರುಬೀಜ, ಬೇಳೆಕಾಳು ತಿನ್ನುವ ನಮ್ಮ ಊರಿನವರಿಗೆ ಅದು ಊಟದಲ್ಲೇ ಸಿಗುತ್ತದೆ.

ಒಂದು ಎಚ್ಚರಿಕೆ ಮಾತ್ರ ಇದೆ. ಮುರಕಲ್ಲಿನ (ಜಂಬಿಟ್ಟಿಗೆಯ) ನೆಲದ ನೀರು, ಅದರಲ್ಲೂ ಗುಡ್ಡಕ್ಕೆ ಅಡ್ಡ ಕೊರೆದ ಸುರಂಗದಿಂದ ಬರುವ ನೀರು, ಎಷ್ಟು ತಿಳಿಯಾಗಿದ್ದರೂ ಸಾಮಾನ್ಯವಾಗಿ ಸ್ವಲ್ಪ ಹುಳಿ ಕಡೆಗೆ ಇರುತ್ತದೆ. ನಾಲಗೆಗೆ ಗೊತ್ತಾಗುವುದಿಲ್ಲ, ಪಿಎಚ್ ಕಾಗದ ಅದ್ದಿದರೆ ಗೊತ್ತಾಗುತ್ತದೆ. ಇಂಥ ನೀರು ತಾಮ್ರವನ್ನು ಬೇರೆ ನೀರಿಗಿಂತ ಜಾಸ್ತಿ ಎಳೆಯುತ್ತದೆ. ಆದ್ದರಿಂದ ರಾತ್ರಿ ತುಂಬಿಸಿ, ಬೆಳಿಗ್ಗೆ ಕುಡಿದು ಖಾಲಿ ಮಾಡಿ. ಮೂರು ದಿನದ ನೀರು ಬೇಡ. ಕುಡಿಯುವಾಗ ಲೋಹದ ರುಚಿ ಬಂದರೆ ಚೆಲ್ಲಿ. ಹಾಲು ಕುಡಿಯುವ ಶಿಶುವಿಗೆ ಪುಡಿಹಾಲು ಕಲಸಲು ಈ ನೀರು ಬೇಡ. ವಿಲ್ಸನ್ ಕಾಯಿಲೆ ಅಂತ ಒಂದಿದೆ, ಅದು ಇರುವವರ ಯಕೃತ್ತಿಗೆ ತಾಮ್ರ ಹೊರಹಾಕಲು ಆಗುವುದಿಲ್ಲ, ಅವರು ತಾಮ್ರದ ಪಾತ್ರೆಯನ್ನೇ ಬಿಡಬೇಕು. ಉಳಿದವರಿಗೆ ಕೊಡಪಾನ ಅಟ್ಟಕ್ಕೆ ಹೋಗಬೇಕಾದ್ದಿಲ್ಲ. ಒಳಗಡೆ ಕೈ ಹಾಕಿ ಸವರಿ ನೋಡಿ, ಹೊಂಡ ಹೊಂಡವಾಗಿ ತಿಂದುಹೋಗಿದ್ದರೆ, ತಿಕ್ಕಿದರೂ ಹಸಿರು ಬಿಡದಿದ್ದರೆ ಮಾತ್ರ ಅದರ ಕೆಲಸ ಮುಗಿಯಿತು.

ಸಾರಿನ ಕಥೆ ಬೇರೆ. ಇಲ್ಲಿ ಎಲ್ಲರೂ ತಪ್ಪು ತಿಳಿಯುವ ಒಂದು ಸಂಗತಿ ಇದೆ, ಹುಳಿಯೇ ತಾಮ್ರವನ್ನು ತಿನ್ನುತ್ತದೆ ಅಂತ. ಹುಳಿ ಒಂದೇ ಸಾಲದು. ಸತುವಿನ ಚೂರನ್ನು ದುರ್ಬಲ ಆಮ್ಲಕ್ಕೆ ಹಾಕಿದರೆ ಬುರುಬುರು ಗುಳ್ಳೆ ಏಳುತ್ತದೆ. ತಾಮ್ರದ ಚೂರು ಹಾಕಿದರೆ ಸುಮ್ಮನೆ ಬಿದ್ದಿರುತ್ತದೆ. ತಾಮ್ರದಿಂದ ಎಲೆಕ್ಟ್ರಾನ್ ಕೀಳುವ ಶಕ್ತಿ ಅಂಥ ಆಮ್ಲಕ್ಕಿಲ್ಲ. ಗಾಳಿಯ ಆಮ್ಲಜನಕಕ್ಕೆ ಇದೆ. ಆಮ್ಲಜನಕ ಕೀಳುತ್ತದೆ, ಹುಳಿ ಅದನ್ನು ಕರಗಿಸಿ ಕೊಂಡೊಯ್ಯುತ್ತದೆ, ಕೆಳಗಿನ ಹೊಸ ತಾಮ್ರ ಮತ್ತೆ ಗಾಳಿಗೆ ತೆರೆಯುತ್ತದೆ. ಇಬ್ಬರೂ ಸೇರಿದರೆ ಮಾತ್ರ ಕೆಲಸ ಸಾಗುತ್ತದೆ, ಅದಕ್ಕೆ ಹೊತ್ತೂ ಬೇಕು. ನಿಮ್ಮ ಚೆರಿಗೆಯನ್ನು ಈಗ ನೋಡಿದರೂ ಸಾರು ನಿಂತಿದ್ದ ಮಟ್ಟದಲ್ಲಿ, ಗಾಳಿ ಮತ್ತು ಸಾರು ಕೂಡುವ ಆ ಗೆರೆಯಲ್ಲಿ, ಬಣ್ಣ ಬೇರೆಯಾಗಿ ಕಾಣಬಹುದು. ಪೂಜೆಯ ದಿನ ಅದೇ ಚೆರಿಗೆಯಲ್ಲಿ ಕುದಿಸಿ ಕೂಡಲೇ ಬಡಿಸಿದ ಸಾರು ಕುಡಿದ ನೂರು ಜನಕ್ಕೆ ಏನೂ ಆಗಲಿಲ್ಲ, ರಾತ್ರಿಯಿಡೀ ನಿಂತದ್ದನ್ನು ಕುಡಿದ ಒಬ್ಬನಿಗೆ ಆಯಿತು. ಸಾರಿನಲ್ಲಿ ಉಪ್ಪು ಬೇರೆ ಇತ್ತು, ಅದರ ಕ್ಲೋರೈಡ್ ಈ ಕೆಲಸವನ್ನು ಬೇಗ ಮಾಡಿಸುತ್ತದೆ. ಪುನರ್ಪುಳಿಯ ಕಡುಕೆಂಪಿನಲ್ಲಿ ಹಸಿರು ಕಣ್ಣಿಗೂ ಬೀಳುವುದಿಲ್ಲ.

ಬಿಂಬುಳಿಯಂಥ ಹುಳಿ ಕಾಯಿ ಹಾಕಿ ತಿಕ್ಕಿದರೆ ಪಾತ್ರೆ ಫಳಫಳ ಆಗುವುದೂ ಇದೇ ಕಾರಣಕ್ಕೆ. ಮೇಲಿನ ಕಿಲುಬು, ಕಪ್ಪು ಎರಡೂ ತಾಮ್ರದ ಸಂಯುಕ್ತಗಳೇ, ಹುಳಿ ಅವನ್ನು ಕರಗಿಸಿ ಒಯ್ಯುತ್ತದೆ, ಒಳಗಿನ ಲೋಹ ಕಾಣುತ್ತದೆ. ತೊಳೆಯುವಾಗ ಉಪಕಾರ ಮಾಡುವ ಹುಳಿ ಅಡುಗೆ ಇಟ್ಟಾಗ ಅಪಕಾರ ಮಾಡುತ್ತದೆ. ಆದ್ದರಿಂದ ಪುನರ್ಪುಳಿ, ಹುಣಸೆ, ಮಜ್ಜಿಗೆ, ತಂಬುಳಿ, ಉಪ್ಪಿನಕಾಯಿ, ಇವು ಬರಿ ತಾಮ್ರದಲ್ಲೂ ಹಿತ್ತಾಳೆಯಲ್ಲೂ ಬೇಡ. ಸ್ಟೀಲ್, ಮಣ್ಣಿನ ಪಾತ್ರೆ, ಕಲ್ಲಿನ ಮರಿಗೆ ಯಾವುದಾದರೂ ಆಗಬಹುದು. ಚೆರಿಗೆಯನ್ನೇ ಬಳಸಬೇಕಾದರೆ ಕಲಾಯಿ ಹಾಕಿಸಿ. ಕಲಾಯಿ ಅಂದರೆ ತವರದ ತೆಳು ಹೊದಿಕೆ. 232 ಡಿಗ್ರಿಗೆ ಕರಗುತ್ತದೆ, ಹಾಗಾಗಿ ಬಿಸಿ ಪಾತ್ರೆಯ ಮೇಲೆ ಬಟ್ಟೆಯಲ್ಲಿ ಸವರಿದರೆ ಹರಡಿಕೊಳ್ಳುತ್ತದೆ. ಕಲಾಯಿಯವರು ನವಸಾಗರ ಎರಚುವಾಗ ಏಳುವ ಬಿಳಿ ಹೊಗೆ ನೋಡಿರುತ್ತೀರಿ, ಅದು ತಾಮ್ರದ ಮೇಲಿನ ಆಕ್ಸೈಡ್ ತೆಗೆಯುವ ಉಪಾಯ, ತೆಗೆಯದಿದ್ದರೆ ತವರ ಹಿಡಿಯುವುದಿಲ್ಲ. ಇಲ್ಲಿ ಅಪಾಯವೂ ಇದೆ. ಅಗ್ಗ ಆಗಲಿ ಅಂತ ತವರಕ್ಕೆ ಸೀಸ ಬೆರೆಸುವವರಿದ್ದಾರೆ, ನೋಡಿದರೆ ಗೊತ್ತಾಗದು, ಮತ್ತು ಸೀಸ ತಾಮ್ರಕ್ಕಿಂತ ಎಷ್ಟೋ ಕೆಟ್ಟದ್ದು. ಗೊತ್ತಿರುವವರ ಹತ್ತಿರವೇ ಮಾಡಿಸಿ, ತವರ ಶುದ್ಧವಾ ಅಂತ ಕೇಳಿ. ಅದಾಗದಿದ್ದರೆ ಸ್ಟೀಲೇ ಒಳ್ಳೆಯದು.

ಈಗ ಕತ್ತಿ. ಇದನ್ನು ಓದುವಾಗ ನಾನು ಕುರ್ಚಿಯಲ್ಲಿ ನೆಟ್ಟಗೆ ಕೂತೆ, ಯಾಕೆಂದರೆ ನಿಮ್ಮ ಪತ್ರದಲ್ಲಿ ನೀವು ಗಮನಿಸದೆ ಬಿಟ್ಟ ತೊಂದರೆ ಇರುವುದು ಇಲ್ಲೇ.

ಅಲಗಿನ ಮೇಲೆ ಬಂದ ಕೆಂಪು ತುಕ್ಕಲ್ಲ, ತಾಮ್ರ. ಕಬ್ಬಿಣ ತಾಮ್ರಕ್ಕಿಂತ ಸುಲಭವಾಗಿ ಎಲೆಕ್ಟ್ರಾನ್ ಬಿಡುತ್ತದೆ. ದ್ರಾವಣದಲ್ಲಿ ತಾಮ್ರದ ಅಯಾನು ಇತ್ತು, ಕತ್ತಿಯಲ್ಲಿ ಕಬ್ಬಿಣ ಇತ್ತು. ಕಬ್ಬಿಣ ತನ್ನ ಎರಡು ಎಲೆಕ್ಟ್ರಾನನ್ನು ತಾಮ್ರಕ್ಕೆ ಕೊಟ್ಟು ತಾನು ನೀರಿಗೆ ಇಳಿಯಿತು. ಕಳೆದದ್ದು ಸಿಕ್ಕಿದ ತಾಮ್ರ ಮತ್ತೆ ಕೆಂಪು ಲೋಹವಾಗಿ ಅಲಗಿಗೆ ಅಂಟಿತು. ಕೊಡಪಾನದಿಂದ ಕಿಲುಬಿಗೆ ಹೋಗುವ ದಾರಿಯನ್ನು ಮಗಳು ಕೇಳಿದ್ದಾಳೆ, ಇದು ಹಿಂದೆ ಬರುವ ದಾರಿ. ಪುಸ್ತಕದ ಕ್ರಿಯಾಶೀಲತೆಯ ಶ್ರೇಣಿ ಅಂದರೆ ಇದೇ, ಮೇಲಿನದು ಕೆಳಗಿನದನ್ನು ದ್ರಾವಣದಿಂದ ಹೊರಗೆ ಹಾಕುತ್ತದೆ. ಸೋಡಿಯಂ, ಮೆಗ್ನೀಸಿಯಂ, ಅಲ್ಯೂಮಿನಿಯಂ, ಸತು, ಕಬ್ಬಿಣ, ತವರ, ಆಮೇಲೆ ತಾಮ್ರ, ಬೆಳ್ಳಿ, ಚಿನ್ನ.

ಆದರೆ ಮೈಲುತುತ್ತಿಗೆ ಸುಣ್ಣ ಸೇರಿಸಿ ಸರಿಯಾಗಿ ಕಲಸಿದ ಬೋರ್ಡೋ ಮದ್ದಿನಲ್ಲಿ ಕತ್ತಿ ಕೆಂಪಾಗಲೇಬಾರದು. ಕೆಂಪಾಯಿತು ಅಂದರೆ ಸುಣ್ಣ ಸಾಲಲಿಲ್ಲ, ಕರಗಿದ ತಾಮ್ರ ಹಾಗೇ ಉಳಿದಿದೆ, ಮದ್ದು ಹುಳಿಯಾಗಿದೆ. ಅದನ್ನು ಹಾಗೇ ಬಿಟ್ಟಿದ್ದರೆ ಎಳೆ ಅಡಿಕೆ, ಹಿಂಗಾರ ಸುಡುವ ಸಂಭವ ಇದೆ. ಮದ್ದು ಕಡುನೀಲಿ ಇದ್ದಷ್ಟೂ ಪವರ್ ಜಾಸ್ತಿ ಅಂತ ನಮ್ಮ ಕಡೆ ಹೇಳುವುದುಂಟು, ಅದು ಪೂರ್ತಿ ತಪ್ಪು. ಒಳ್ಳೆಯ ಮದ್ದು ತಿಳಿ ಆಕಾಶನೀಲಿ. ಮೈಲುತುತ್ತಿನ ತಾಮ್ರವನ್ನು ಸುಣ್ಣ ಹಿಡಿದು ಕರಗದ ಹೈಡ್ರಾಕ್ಸೈಡ್ ರೂಪಕ್ಕೆ ತಂದಿರುತ್ತದೆ. ಅದು ಗೊನೆಗೆ ಅಂಟಿ ಕೂತು, ಮಳೆಯಲ್ಲಿ ಚೂರು ಚೂರೇ ಅಯಾನು ಬಿಡುತ್ತದೆ. ನೀರಿನಲ್ಲಿ ಈಜಿ ಬರುವ ಕೊಳೆರೋಗದ ಬೀಜಾಣುವಿಗೆ ಅಷ್ಟು ಸಾಕು, ಗಿಡಕ್ಕೆ ಅಷ್ಟು ನಡೆಯುತ್ತದೆ.

ಅಳತೆ ಹಳೆಯದೇ: ಒಂದು ಕಿಲೋ ಮೈಲುತುತ್ತು, ಒಂದು ಕಿಲೋ ಒಳ್ಳೆಯ ಸುಣ್ಣ, ನೂರು ಲೀಟರ್ ನೀರು. ಎರಡನ್ನೂ ಐವತ್ತೈವತ್ತು ಲೀಟರಿನಲ್ಲಿ ಬೇರೆ ಬೇರೆ ಕರಗಿಸಿ, ಸುಣ್ಣದ ನೀರು ಪೂರ್ತಿ ತಣಿದ ಮೇಲೆ, ಮೈಲುತುತ್ತಿನ ನೀರನ್ನು ಸುಣ್ಣದ ನೀರಿಗೆ ಸಣ್ಣಗೆ ಸುರಿಯುತ್ತಾ ಕಲಕಿ. ಕಬ್ಬಿಣದ ಬಕೆಟ್ ಬೇಡ. ನಂತರ ಚೊಕ್ಕ ಕತ್ತಿ ಅದ್ದಿ ನೋಡಿ, ಕೆಂಪು ಬಂದರೆ ಇನ್ನಷ್ಟು ಸುಣ್ಣದ ನೀರು ಸೇರಿಸಿ, ಮತ್ತೆ ಅದ್ದಿ. ಅಂದಂದೇ ಬಿಟ್ಟು ಮುಗಿಸಿ. ಹೆಚ್ಚಿನವರ ತಪ್ಪು ಸುಣ್ಣದಲ್ಲೇ ಆಗುವುದು. ಗಾಳಿಗೆ ಬಿದ್ದ ಹಳೇ ಸುಣ್ಣ ಗಾಳಿಯ ಇಂಗಾಲದ ಡೈಆಕ್ಸೈಡ್ ಹೀರಿ ಸೀಮೆಸುಣ್ಣದಂತಾಗಿರುತ್ತದೆ, ಕಿಲೋ ಲೆಕ್ಕ ಸರಿ ಇದ್ದರೂ ಕೆಲಸಕ್ಕೆ ಬರುವುದಿಲ್ಲ. ನನ್ನ ತೋಟದಲ್ಲೂ ಒಂದು ವರ್ಷ ಹೀಗೇ ಆಗಿ ಎಳೆಗಾಯಿ ಉದುರಿತು, ಅಂದಿನಿಂದ ಕತ್ತಿ ಅದ್ದದೆ ಮದ್ದು ಬಿಡಿಸುವುದಿಲ್ಲ.

ಈ ಮದ್ದಿಗೂ ಒಂದು ಕಥೆ ಇದೆ. ಫ್ರಾನ್ಸಿನ ಬೋರ್ಡೋದಲ್ಲಿ ದಾರಿಹೋಕರು ದ್ರಾಕ್ಷಿ ಕದಿಯದಿರಲಿ ಅಂತ ರಸ್ತೆ ಬದಿಯ ಬಳ್ಳಿಗಳಿಗೆ ಮೈಲುತುತ್ತು, ಸುಣ್ಣ ಬಳಿಯುತ್ತಿದ್ದರು. 1882ರಲ್ಲಿ ರೋಗ ಬಂದಾಗ ಆ ಬಳ್ಳಿಗಳ ಎಲೆ ಮಾತ್ರ ಉಳಿದದ್ದನ್ನು ಮಿಲಾರ್ಡೆ ಎಂಬ ಸಸ್ಯವಿಜ್ಞಾನಿ ಕಂಡರು, 1885ರಲ್ಲಿ ಮದ್ದಿನ ವಿವರ ಪ್ರಕಟಿಸಿದರು. ಮಲೆನಾಡಿನ ಅಡಿಕೆಗೆ ಅದನ್ನು ತಂದವರು ಮೈಸೂರು ಸಂಸ್ಥಾನದಲ್ಲಿದ್ದ ಲೆಸ್ಲಿ ಕೋಲ್ಮನ್, ಕೊಳೆರೋಗದ ಬಗ್ಗೆ ಅವರ ವರದಿ ಬಂದದ್ದು 1910ರಲ್ಲಿ.

ಟಾಂಕಿಯ ಬುಡದಲ್ಲಿ ಕಲಸುವುದನ್ನು ಇವತ್ತೇ ನಿಲ್ಲಿಸಿ. ಟಾಂಕಿಯ ನೀರು ಸುರಂಗದ್ದಾಗಿದ್ದು, ಸುರಂಗ ಗುಡ್ಡದಲ್ಲಿ, ತೋಟ ಅದರ ಕೆಳಗೆ ಇದ್ದರೆ ಬಿಟ್ಟ ಮದ್ದು ಸುರಂಗಕ್ಕೆ ಹತ್ತಿ ಹೋಗುವುದಿಲ್ಲ. ತಾಮ್ರದ ಅಯಾನು ಮಣ್ಣಿಗೆ ಬಲವಾಗಿ ಅಂಟುವುದರಿಂದ ಆಳಕ್ಕೆ ಇಳಿಯುವುದೂ ಕಡಿಮೆ. ಆದರೆ ಡ್ರಮ್ ತೊಳೆದ ನೀರು, ಚೆಲ್ಲಿದ ಹರಳು ನೇರವಾಗಿ ಟಾಂಕಿಗೆ ಬೀಳಬಹುದಲ್ವಾ. ಕಲಸುವ ಜಾಗ ನೀರಿನಿಂದ ದೂರ, ಕೆಳಬದಿಯಲ್ಲಿ ಇರಲಿ.

ಮಣ್ಣಿಗೆ ಅಂಟುವ ಈ ಗುಣಕ್ಕೆ ಇನ್ನೊಂದು ಮುಖ ಇದೆ. ಎಂಡೋಸಲ್ಫಾನ್ ಎಂಬ ಕೀಟನಾಶಕದ ಅನಾಹುತ ಕಂಡ ಕಾಸರಗೋಡು ಜಿಲ್ಲೆ ನಮ್ಮದು, ಮದ್ದು ಅಂದ ಕೂಡಲೇ ಎದೆ ಡವಗುಟ್ಟುವುದು ಸಹಜ. ಅದು ಇಂಗಾಲ, ಕ್ಲೋರಿನ್ ಮೊದಲಾದವು ಎಲೆಕ್ಟ್ರಾನ್ ಹಂಚಿಕೊಂಡು ಆದ ಅಣು, ಕಾಲ ಕಳೆದಂತೆ ನಿಧಾನವಾಗಿಯಾದರೂ ಒಡೆಯುತ್ತದೆ. ತಾಮ್ರ ಅಷ್ಟು ಘೋರ ವಿಷ ಅಲ್ಲ, ಆದರೆ ಅದು ಮೂಲವಸ್ತು, ಒಡೆಯಲು ಅದರಲ್ಲಿ ಏನೂ ಇಲ್ಲ. ಒಂದು ಕಿಲೋ ಮೈಲುತುತ್ತಿನಲ್ಲಿ ಸುಮಾರು 250 ಗ್ರಾಂ ತಾಮ್ರ ಇದೆ. ವರ್ಷಕ್ಕೆ ಇಪ್ಪತ್ತು ಕಿಲೋದಂತೆ ಇಪ್ಪತ್ತು ವರ್ಷ ಬಿಟ್ಟರೆ ನೂರು ಕಿಲೋ ತಾಮ್ರ ತೋಟಕ್ಕೆ ಬಂದಿದೆ, ಹೆಚ್ಚಿನ ಪಾಲು ಮೇಲ್ಮಣ್ಣಿನಲ್ಲೇ ಇದೆ. ಜಾಸ್ತಿಯಾದರೆ ಎರೆಹುಳು ಕಡಿಮೆಯಾಗುತ್ತದೆ. ಹಾಗಂತ ಮದ್ದು ಬಿಡದೆ ಇರಿ ಅನ್ನಲಾರೆ, ಕೊಳೆ ಬಂದರೆ ವರ್ಷದ ಫಸಲೇ ಹೋಗುತ್ತದೆ. ಮಳೆ ಹಿಡಿಯುವ ಮೊದಲು ಒಂದು, ನಲವತ್ತು ನಲವತ್ತೈದು ದಿನ ಬಿಟ್ಟು ಇನ್ನೊಂದು ಸರಿಯಾಗಿ ಬಿಡಿ. ಸುಮ್ನೆ ಶೇಕಡಾ ಒಂದನ್ನು ಎರಡು ಮಾಡಬೇಡಿ. ಕೊಳೆತು ಬಿದ್ದ ಕಾಯಿ ಹೆಕ್ಕಿ ತೆಗೆಸಿ, ಕಣಿ ಬಿಡಿಸಿ ನೀರು ಹರಿಯುವ ಹಾಗೆ ಮಾಡಿ. ಗೊನೆಗೆ ಮಳೆ ತಾಗದ ಹಾಗೆ ಕೊಟ್ಟೆ (ಹೊದಿಕೆ) ಕಟ್ಟಿಸುವುದೂ ಒಂದು ದಾರಿ, ಜನ ಸಿಕ್ಕಿದರೆ. ಮಣ್ಣು ಪರೀಕ್ಷೆಗೆ ಕೊಡುವಾಗ ತಾಮ್ರವನ್ನೂ ನೋಡಿ ಅಂತ ಬರೆದು ಕೊಡಿ.

ಮಗಳಿಗೆ ಒಂದು ಮಾತು ಬಾಕಿ ಇದೆ. ಅವಳ ಪುಸ್ತಕದಲ್ಲಿ ಉಪ್ಪಿನ ಉದಾಹರಣೆ ಇರುತ್ತದೆ. ಸೋಡಿಯಂ ಲೋಹವನ್ನು ನಾವು ಸೀಮೆಎಣ್ಣೆಯಲ್ಲಿ ಮುಳುಗಿಸಿಡುತ್ತೇವೆ, ಸಾಸಿವೆಯಷ್ಟನ್ನು ನೀರಿಗೆ ಬಿಟ್ಟರೆ ಬುಸುಗುಟ್ಟುತ್ತಾ ಮೇಲೆಲ್ಲ ಓಡುತ್ತದೆ. ಕ್ಲೋರಿನ್ ಅಂದರೆ ಬಾವಿಗೆ ಬ್ಲೀಚಿಂಗ್ ಪೌಡರ್ ಹಾಕಿದಾಗ ಮೂಗಿಗೆ ಬಡಿಯುವ ವಾಸನೆ, ಅನಿಲವಾಗಿ ತುಂಬಿದರೆ ಶ್ವಾಸಕೋಶ ಸುಡುತ್ತದೆ. ಎರಡೂ ಸೇರಿದರೆ ನಾವು ಗಂಜಿಗೆ ಹಾಕುವ ಉಪ್ಪು. ಇದನ್ನು ಓದಿದ ಮಕ್ಕಳು, ಸಂಯುಕ್ತ ಆದ ಮೇಲೆ ಎಲ್ಲವೂ ಸಾಧು ಆಗುತ್ತದೆ ಅಂತ ತಿಳಿದುಬಿಡುತ್ತಾರೆ. ತಾಮ್ರ ಅದಕ್ಕೆ ವಿರುದ್ಧ. ಕೊಡಪಾನವಾಗಿ ಅಷ್ಟು ಸಾಧು, ಮೈಲುತುತ್ತಾದ ಮೇಲೆ ವಿಷ. ಯಾಕೆಂದರೆ ಸೋಡಿಯಂಗೆ ಕೊಡಲು ತುದಿಯಲ್ಲಿ ಇದ್ದದ್ದೇ ಒಂದು ಎಲೆಕ್ಟ್ರಾನ್, ಕೊಟ್ಟಮೇಲೆ ಅದಕ್ಕೆ ಯಾರ ಗೊಡವೆಯೂ ಇಲ್ಲ. ತಾಮ್ರದ ಅಯಾನು ಹಾಗಲ್ಲ, ಒಂದು ಎಲೆಕ್ಟ್ರಾನ್ ಮತ್ತೆ ಪಡೆಯುತ್ತದೆ, ಮತ್ತೆ ಬಿಡುತ್ತದೆ, ಪ್ರೋಟೀನುಗಳಿಗೆ ಅಂಟಿಕೊಳ್ಳುತ್ತದೆ. ಹಾಗಾಗಿ ಅವಳು "ತಾಮ್ರ ಒಳ್ಳೆಯದಾ ಕೆಟ್ಟದ್ದಾ" ಅಂತ ಕೇಳುವ ಬದಲು "ಯಾವ ರೂಪದ ತಾಮ್ರ, ಕರಗಿದೆಯಾ, ಎಷ್ಟು" ಅಂತ ಕೇಳಲಿ. ಅವಳ ಮೂರು ತಾಮ್ರಕ್ಕೂ ಆಗ ಬೇರೆ ಬೇರೆ ಉತ್ತರ ಸಿಗುತ್ತದೆ.

ಮುಂದಿನ ಸಲ ಮದ್ದು ಕಲಸುವ ದಿನ ಅವಳನ್ನು ಜೊತೆಗೆ ಕರೆದುಕೊಳ್ಳಿ, ಕೈಗೆ ಗ್ಲೌಸ್ ಹಾಕಿಸಿ. ಎರಡು ಪ್ಲಾಸ್ಟಿಕ್ ಡಬ್ಬಿ, ಮರಳುಕಾಗದದಲ್ಲಿ ಉಜ್ಜಿದ ಎರಡು ಕಬ್ಬಿಣದ ಮೊಳೆ. ಒಂದನ್ನು ಬರಿ ಮೈಲುತುತ್ತಿನ ನೀರಿಗೆ ಹಾಕಿ, ಇನ್ನೊಂದನ್ನು ಸುಣ್ಣ ಸೇರಿದ ಮದ್ದಿಗೆ. ಹತ್ತು ನಿಮಿಷ ಬಿಟ್ಟು ತೆಗೆದು ಅಕ್ಕಪಕ್ಕ ಇಟ್ಟು ನೋಡಲಿ. ಡಬ್ಬಿಯ ನೀರನ್ನು ಅಂಗಳಕ್ಕೆ ಚೆಲ್ಲಬೇಡಿ, ಡ್ರಮ್ಮಿಗೇ ಹಾಕಿ ಇನ್ನೊಮ್ಮೆ ಕತ್ತಿ ಅದ್ದಿ ನೋಡಿ. ಮೊಳೆ ಎರಡನ್ನೂ ತೊಳೆದು ಅವಳೇ ಇಟ್ಟುಕೊಳ್ಳಲಿ.